ಸಣ್ಣ ಮನೆಯಲ್ಲಿ ಬಟ್ಟೆಯ ಲೆಕ್ಕ

ಪೀಠಿಕೆ

ಅನ್ನ, ಬಟ್ಟೆ, ಮನೆ ಈ ಮೂರೂ ಮನುಷ್ಯನ ಮುಖ್ಯವಾದ ಅವಶ್ಯಕತೆಗಳೆಂದು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ನಾವೆಲ್ಲರೂ ಓದಿದ್ದೇವೆ. ಆದರೆ ಇವುಗಳಲ್ಲಿ ಎರಡನೆಯದು ಮೂರನೆಯದರ ಸ್ಥಳವನ್ನು ಆಕ್ರಮಿಸತೊಡಗಿದರೆ ಏನು ಮಾಡಬೇಕೆಂಬ ಪ್ರಶ್ನೆಗೆ ನಾನು ಓದಿದ ಪುಸ್ತಕಗಳಲ್ಲಿ ಉತ್ತರ ದೊರೆಯಲಿಲ್ಲ. ಆದುದರಿಂದ ಅದನ್ನೇ ಈ ಲೇಖನದ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ. ಇಂಥ ಸಂಚಿಕೆಗೆ ಈ ವಿಷಯವು ತೀರ ಸಣ್ಣದೆಂದು ವಾಚಕರು ನಗಬಾರದಾಗಿ ಪ್ರಾರ್ಥನೆ. ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಒಂದೇ ಕೋಣೆಯ ಮನೆಗಳಿಂದ ಬರುವವರು. ಅವರಿಗೆ ಇದು ಸಣ್ಣ ವಿಷಯವಲ್ಲ.

ನಮ್ಮದು ರಾಯಚೂರಿನ ಒಂದು ಓಣಿಯಲ್ಲಿ ಬಾಡಿಗೆಯ ಮನೆ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆ. ಅದರ ಬೆನ್ನಿಗೆ ಅಡಿಗೆಯ ಮನೆ. ಇರುವವರು ಐದು ಮಂದಿ: ಅಪ್ಪ, ಅವ್ವ, ಅಜ್ಜಿ, ಹತ್ತನೆಯ ತರಗತಿ ಓದುವ ತಮ್ಮ ಮತ್ತು ನಾನು. ಅಪ್ಪನ ಊರು ದೇವದುರ್ಗ ತಾಲೂಕಿನಲ್ಲಿ, ಅವ್ವನ ತವರು ಮಾನ್ವಿ ತಾಲೂಕಿನಲ್ಲಿ. ಅಪ್ಪ ಹತ್ತಿಯ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಾನೆ. ಅವ್ವ ಹತ್ತಿ ಬಿಡಿಸುವ ಕಾಲದಲ್ಲಿ ಸುತ್ತಲಿನ ಹೊಲಗಳಿಗೆ ಕೂಲಿಗೆ ಹೋಗುತ್ತಾಳೆ. ಉಳಿದ ಕಾಲದಲ್ಲಿ ಎರಡು ಮನೆಗಳ ಮುಸುರೆ ತಿಕ್ಕುತ್ತಾಳೆ. ನಮ್ಮ ಮನೆತನದಲ್ಲಿ ಬಿ.ಎ. ವರೆಗೆ ಬಂದವಳು ನಾನೇ ಮೊದಲಿಗಳು.

ಕೋಣೆಯ ಒಂದು ಮೂಲೆಯಲ್ಲಿ ಎರಡು ಟ್ರಂಕುಗಳು, ಅವುಗಳ ಮೇಲೆ ಗಂಟುಗಳು, ಗೋಡೆಯ ಗೂಟಗಳಲ್ಲಿ ಅಂಗಿಗಳು, ಮೇಲಿನ ಗಳದ ಮೇಲೆ ಮಡಚಿದ ಸೀರೆಗಳು ಇದ್ದುವು. ಈ ಮೂಲೆಯನ್ನು ಅಳೆದು ನೋಡಿದೆನು: 5 ಅಡಿಗೆ 4 ಅಡಿ. ಅಂದರೆ 120 ಚದರಡಿಯ ಕೋಣೆಯಲ್ಲಿ 20 ಚದರಡಿ, ಸರಿಯಾಗಿ ಆರನೆಯ ಒಂದು ಪಾಲು. ಐದು ಮಂದಿಯ ಮನೆಯಲ್ಲಿ ಬಟ್ಟೆಯು ಆರನೆಯ ಮನುಷ್ಯನಂತೆ ತನ್ನ ಪಾಲನ್ನು ತೆಗೆದುಕೊಂಡಿತ್ತು. ಎಲ್ಲರೂ ಮಲಗಿದ ಮೇಲೆ ತಮ್ಮನಿಗೆ ಓದಲು ಉಳಿಯುತ್ತಿದ್ದ ಸ್ಥಳವೆಂದರೆ ಅಡಿಗೆಮನೆಯ ಹೊಸ್ತಿಲು ಮಾತ್ರ. ಅವನ ಪರೀಕ್ಷೆಯ ವರ್ಷದಲ್ಲಿ ಇದು ಸಣ್ಣ ತೊಂದರೆಯಾಗಿರಲಿಲ್ಲ.

ಬಟ್ಟೆ ಹೆಚ್ಚಿದ ಬಗೆ

ಬಡವರ ಮನೆಯಲ್ಲಿ ಬಟ್ಟೆ ಹೆಚ್ಚಾಗುವುದೆಂದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. 1972ರ ಬರಗಾಲದಲ್ಲಿ ಅವಳು ಇನ್ನೂ ಹುಡುಗಿ. ಮೈಮೇಲೆ ಒಂದು, ಹಗ್ಗದ ಮೇಲೆ ಒಂದು. ಅಷ್ಟೇ ಆಗ ಅವಳ ಆಸ್ತಿ. ಹಗ್ಗದ ಮೇಲಿನದು ಒಣಗುವವರೆಗೆ ಹೊರಗೆ ಹೋಗುವಂತಿರಲಿಲ್ಲವೆಂದು ಅವಳು ಈಗಲೂ ಹೇಳುತ್ತಾಳೆ.

ಹಾಗಾದರೆ ಈಗಿನ ರಾಶಿ ಎಲ್ಲಿಂದ ಬಂದಿತು? ವಿಚಾರಮಾಡಿದಲ್ಲಿ ನಾಲ್ಕು ಕಾರಣಗಳು ಕಂಡುಬರುತ್ತವೆ.

ಮೊದಲನೆಯದು, ಸಿದ್ಧ ಉಡುಪು ಅಗ್ಗವಾದುದು. ಒಂದು ದಿನದ ಕೂಲಿಯಲ್ಲಿ ಈಗ ಒಂದು ಅಂಗಿ ಬರುತ್ತದೆ. ಆದರೆ ಅಗ್ಗದ ಅಂಗಿಯು ಬೇಗ ಬಣ್ಣ ಬಿಡುತ್ತದೆ. ಬಣ್ಣ ಬಿಟ್ಟರೂ ಹರಿಯುವುದಿಲ್ಲವಾದ್ದರಿಂದ ಬಿಸಾಡಲು ಮನಸ್ಸು ಬರುವುದಿಲ್ಲ.

ಎರಡನೆಯದು, ಆಯೇರಿ. ನಮ್ಮ ಕಡೆಯ ಮದುವೆ, ಉಡಿ ತುಂಬುವುದು, ಮನೆಯ ಪ್ರವೇಶ ಮೊದಲಾದ ಸಮಾರಂಭಗಳಲ್ಲಿ ಬಟ್ಟೆ ಕೊಟ್ಟು ಬಟ್ಟೆ ತರುವ ಪದ್ಧತಿಯುಂಟು. ನಮ್ಮ ಟ್ರಂಕಿನ ತಳದಲ್ಲಿ ಹೀಗೆ ಬಂದು ಹೊಲಿಸದೆ ಉಳಿದವು 26: ಜಂಪರಿನ ತುಂಡು 17, ಟವೆಲು 6, ಅಂಗಿಯ ತುಂಡು 3. ಜಂಪರಿನ ತುಂಡುಗಳಲ್ಲಿ ಕೆಲವು ಕತ್ತರಿಯ ಮುಖವನ್ನೇ ಕಾಣದೆ ಮನೆಯಿಂದ ಮನೆಗೆ ಸಂಚರಿಸುತ್ತವೆ. ಕೊಟ್ಟವರ ಮನೆಗೇ ಮರಳಿ ಬಂದುದೂ ಉಂಟು.

ಮೂರನೆಯದು, ‘ಮನೆಯಲ್ಲಿ ಉಡಲಿಕ್ಕಾದೀತು’ ಎಂಬ ಮಾತು. ಹೊರಗೆ ಹೋಗುವ ಬಟ್ಟೆ ಹಳತಾದೊಡನೆ ಮನೆಯ ಬಟ್ಟೆಯಾಗುತ್ತದೆ. ಮನೆಯ ಬಟ್ಟೆಗೆ ಮುಂದೆ ಯಾವ ದಾರಿಯೂ ಇಲ್ಲ. ಅದು ಅಲ್ಲಿಯೇ ಉಳಿಯುತ್ತದೆ.

ನಾಲ್ಕನೆಯದು, ನಾಚಿಕೆ. ಹೋದ ಮದುವೆಗೆ ಉಟ್ಟ ಸೀರೆಯನ್ನೇ ಈ ಮದುವೆಗೂ ಉಟ್ಟರೆ ನೆಂಟರು ಏನೆಂದಾರು ಎಂಬ ಭಯ. ಈ ಭಯವು ಉಳ್ಳವರಿಗಿಂತ ಇಲ್ಲದವರಿಗೇ ಹೆಚ್ಚು. ಒಂದು ಕಾಲಕ್ಕೆ ಇಲ್ಲವೆನಿಸಿಕೊಂಡವರು ಮತ್ತೆ ಹಾಗೆನಿಸಿಕೊಳ್ಳಲು ಒಪ್ಪುವುದಿಲ್ಲ.

ಹಿಂದಿನವರ ಮಾತು

ಮಿತವಾದ ಸಂಗ್ರಹವು ನಮ್ಮ ನಾಡಿಗೆ ಹೊಸ ಉಪದೇಶವಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡಿನ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಇರುವುದನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದೇ ಅಶೋಕನ ಮೂರನೆಯ ಬಂಡೆಗಲ್ಲು ಶಾಸನವು ಹಿರಿಯರ ಸೇವೆ, ದಾನ ಮೊದಲಾದವುಗಳೊಡನೆ ಕಡಿಮೆ ವೆಚ್ಚವನ್ನೂ ಕಡಿಮೆ ಸಂಗ್ರಹವನ್ನೂ ಒಳ್ಳೆಯ ಗುಣಗಳಲ್ಲಿ ಎಣಿಸುತ್ತದೆ. ಆ ಶಾಸನದ ಒಂದು ಪ್ರತಿ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ನಮ್ಮ ಕಾಲಕ್ಕೆ ಸಮೀಪ ಬಂದರೆ, ಮಹಾತ್ಮಾ ಗಾಂಧಿಯವರು 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅಂಗಿ ಟೊಪ್ಪಿಗೆಗಳನ್ನು ಬಿಟ್ಟು ತುಂಡುಪಂಚೆ ಉಟ್ಟರು.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅಶೋಕನು ಚಕ್ರವರ್ತಿ, ಗಾಂಧಿಯವರು ಇಂಗ್ಲೆಂಡಿನ ಸೂಟು ತೊಟ್ಟು ಕಂಡವರು. ಇದ್ದುದನ್ನು ತಾನಾಗಿ ಬಿಟ್ಟವನ ಕಡಿಮೆ ಬೇರೆ, ಇಲ್ಲದವನ ಕಡಿಮೆ ಬೇರೆ. ಅಜ್ಜಿಯ ಎರಡು ಸೀರೆಗಳು ವ್ರತವಾಗಿರಲಿಲ್ಲ. ಆದುದರಿಂದ ನಮ್ಮಂಥ ಮನೆಗಳಲ್ಲಿ ತ್ಯಾಗದ ಉಪದೇಶವು ಕೆಲಸಕ್ಕೆ ಬಾರದು. ‘ಬಿಡಿರಿ’ ಎನ್ನುವುದಕ್ಕಿಂತ ‘ಎಷ್ಟು ಬೇಕು?’ ಎಂದು ಕೇಳಿ ಲೆಕ್ಕ ಹಾಕುವುದೇ ಮೇಲು. ಲೆಕ್ಕವು ಯಾರ ಮರ್ಯಾದೆಯನ್ನೂ ಕಳೆಯುವುದಿಲ್ಲ.

ಎಣಿಕೆಯ ವಿಧಾನ

ನಾನು ಮೊದಲು ಇದ್ದುದನ್ನೆಲ್ಲ ಎಣಿಸಿದೆನು. ಟವೆಲು, ಲುಂಗಿ, ಜಂಪರು, ಒಳಉಡುಪು, ಹಾಸಿಗೆ ಹೊದಿಕೆಗಳನ್ನು ಬಿಟ್ಟೆನು. ಮೇಲಿನದು ಕೆಳಗಿನದು ಕೂಡಿ ಒಂದು ಜೊತೆಯೆಂದೂ ಒಂದು ಸೀರೆಯೆಂದರೆ ಒಂದು ಜೊತೆಯೆಂದೂ ಹಿಡಿದೆನು. ಅಪ್ಪನವು 14, ಅವ್ವನವು 31, ಅಜ್ಜಿಯವು 12, ತಮ್ಮನವು 17, ನನ್ನವು 22. ಒಟ್ಟು 96 ಜೊತೆ.

ಇವುಗಳಲ್ಲಿ ಬಳಕೆಯಲ್ಲಿರುವವು ಎಷ್ಟು? ಇದನ್ನು ಬಾಯಿಮಾತಿನಿಂದ ತಿಳಿಯಲಾಗದು. ಕೇಳಿದರೆ ಎಲ್ಲರೂ ಎಲ್ಲವನ್ನೂ ಉಡುತ್ತೇವೆಂದೇ ಹೇಳುವರು. ಆದುದರಿಂದ ಸಾಕ್ಷಿಯನ್ನು ಹಗ್ಗದಿಂದಲೇ ಪಡೆಯಬೇಕು. ಒಂದು ತಿಂಗಳವರೆಗೆ ಹಗ್ಗದಿಂದ ಇಳಿದು ಬಂದ ಅರಿವೆಗಳನ್ನು ಹಳೆಯ ರಾಶಿಗೆ ಕೂಡಿಸದೆ ಗೋಡೆಯ ಮಾಡದಲ್ಲಿ ಬೇರೆಯಾಗಿ ಇಡುತ್ತ ಬಂದೆನು. ತಿಂಗಳು ಮುಗಿದ ಮೇಲೆ ಎಣಿಸಿದರೆ ಮಾಡದಲ್ಲಿದ್ದವು 34 ಜೊತೆ. ಉಳಿದ 62 ಜೊತೆಗಳು ಆ ತಿಂಗಳು ಮೈಯನ್ನೂ ಕಂಡಿರಲಿಲ್ಲ, ಹಗ್ಗವನ್ನೂ ಕಂಡಿರಲಿಲ್ಲ. ಯಾರೊಡನೆಯೂ ವಾದ ಮಾಡುವ ಕಾರಣವೇ ಬರಲಿಲ್ಲ.

ಲೆಕ್ಕದ ಸೂತ್ರ

ಒಬ್ಬರಿಗೆ ಒಂದು ಕೆಲಸಕ್ಕೆ ಎಷ್ಟು ಜೊತೆ ಬೇಕೆಂಬುದನ್ನು ಟ್ರಂಕಿನ ಅಳತೆಯಾಗಲಿ, ನೆಂಟರ ಕಣ್ಣಾಗಲಿ ನಿರ್ಧರಿಸತಕ್ಕದ್ದಲ್ಲ. ನೀರು, ಬಿಸಿಲು, ಕೆಲಸ ಈ ಮೂರು ನಿರ್ಧರಿಸಬೇಕು. ಅದಕ್ಕೆ ನಾನು ಕಂಡುಕೊಂಡ ಸೂತ್ರವಿದು: ಒಂದು ಒಗೆತದಿಂದ ಇನ್ನೊಂದು ಒಗೆತಕ್ಕೆ ಎಷ್ಟು ದಿನವೋ ಅಷ್ಟು, ಅದಕ್ಕೆ ಒಣಗಲು ಹಿಡಿಯುವ ದಿನವನ್ನು ಕೂಡಿಸಬೇಕು, ಅದಕ್ಕೆ ಆಪತ್ತಿಗೆಂದು ಒಂದನ್ನು ಕೂಡಿಸಬೇಕು.

ಉದಾಹರಣೆಗೆ, ಅಪ್ಪನ ಕೆಲಸದ ಬಟ್ಟೆಯನ್ನು ನೋಡೋಣ. ಅಂಡಿಗೆ ಹೊತ್ತ ಮೈಯ ಬೆವರು ಬಟ್ಟೆಯಲ್ಲಿ ಒಣಗಿದರೆ ಬಿಳಿಯ ಉಪ್ಪು ನಿಲ್ಲುತ್ತದೆ. ಮರುದಿನ ಅದನ್ನೇ ತೊಟ್ಟರೆ ಕುತ್ತಿಗೆ, ಕಂಕುಳು ತಿಕ್ಕಿ ಹುಣ್ಣಾಗುತ್ತವೆ. ಆದುದರಿಂದ ಅದನ್ನು ಪ್ರತಿದಿನ ಸಂಜೆ ಒಂದು ಬಕೆಟ್ ನೀರಿನಲ್ಲಿ ಅದ್ದಿ ಹಿಂಡುತ್ತೇವೆ. ಅಂತರ 1, ಒಣಗಲು 1, ಆಪತ್ತಿಗೆ 1. ಒಟ್ಟು 3 ಜೊತೆ. ನನ್ನ ಕಾಲೇಜಿನ ಬಟ್ಟೆಯನ್ನು ಮೂರು ದಿನಕ್ಕೊಮ್ಮೆ, ನಳದ ನೀರು ಬರುವ ದಿನ, ದೊಡ್ಡ ಒಗೆತಕ್ಕೆ ಹಾಕುತ್ತೇನೆ. ಅಂತರ 3, ಒಣಗಲು 1, ಆಪತ್ತಿಗೆ 1, ಒಟ್ಟು 5.

ರಾಯಚೂರಿನ ಬೇಸಿಗೆಯಲ್ಲಿ, ತಾಪಮಾನವು 40 ಡಿಗ್ರಿ ದಾಟಿದ ದಿನಗಳಲ್ಲಿ, ಹಿಂಡಿ ಹಾಕಿದ ಅರಿವೆಯು ಮಧ್ಯಾಹ್ನದೊಳಗೆ ಒಣಗುತ್ತದೆಂಬುದು ನಿಜ. ಆಗ ಒಣಗುವ ದಿನವನ್ನು ಸೊನ್ನೆಯೆಂದು ಹಿಡಿಯಬಹುದು. ಆದರೆ ಲೆಕ್ಕವನ್ನು ಮಳೆಗಾಲಕ್ಕೆ ಹಾಕಬೇಕೇ ಹೊರತು ಬೇಸಿಗೆಗೆ ಹಾಕಬಾರದು. ಕಷ್ಟದ ತಿಂಗಳಿಗೆ ಸಾಲುವುದು ಸುಖದ ತಿಂಗಳಿಗೂ ಸಾಲುತ್ತದೆ.

ಈ ಸೂತ್ರದಿಂದ ಮನೆಯ ಲೆಕ್ಕ ಹೀಗಾಯಿತು. ಅಪ್ಪ: ಕೆಲಸಕ್ಕೆ 3, ಹೊರಗೆ 2, ಶುಭಕಾರ್ಯಕ್ಕೆ 1, ಒಟ್ಟು 6. ಅವ್ವ: ಹೊಲಕ್ಕೆ 3, ಮನೆಗೆ 3, ಹೊರಗೆ 3, ಶುಭಕಾರ್ಯಕ್ಕೆ 4, ಒಟ್ಟು 13. ಅಜ್ಜಿ: ದಿನಬಳಕೆಗೆ 3, ಹೊರಗೆ 2, ಮತ್ತು ಅವಳ ಇಳಕಲ್ ಸೀರೆ 1, ಒಟ್ಟು 6. ತಮ್ಮ: ಸಮವಸ್ತ್ರ 3, ಮನೆಗೆ 3, ಹೊರಗೆ 1, ಒಟ್ಟು 7. ನಾನು: ಕಾಲೇಜಿಗೆ 5, ಮನೆಗೆ 3, ಸೀರೆ 1, ಒಟ್ಟು 9. ಎಲ್ಲ ಕೂಡಿ 41 ಜೊತೆ. ಹಗ್ಗವು ತೋರಿಸಿದ 34ಕ್ಕೆ ಶುಭಕಾರ್ಯದ 7ನ್ನು ಕೂಡಿಸಿದರೂ ಇಷ್ಟೇ ಆಗುತ್ತದೆ.

ನನ್ನ ಒಂದು ಸೀರೆಯ ಬಗೆಗೆ ಎರಡು ಮಾತು. ಬಿ.ಎ. ಆದ ಮೇಲೆ ಬಿ.ಇಡಿ. ಮಾಡಿ ಶಿಕ್ಷಕಿಯಾಗಬೇಕೆಂಬುದು ನನ್ನ ಆಸೆ. ಅದಕ್ಕೆಂದು ಈಗಲೇ ಸೀರೆ ಕೂಡಿಡಬೇಕೆಂದು ಅವ್ವನ ವಿಚಾರವಿತ್ತು. ಬಾರದ ಕೆಲಸಕ್ಕೆ ಬಟ್ಟೆ ಕೂಡಿಡುವುದಕ್ಕಿಂತ ಆ ಹಣವನ್ನು ಅರ್ಜಿಯ ಶುಲ್ಕಕ್ಕೆ ಇಡುವುದು ಲೇಸೆಂದು ಹೇಳಿದೆನು. ಅವಳೂ ಒಪ್ಪಿದಳು.

ಯಾವ ನೂಲು, ಯಾವ ಕೆಲಸ

ಸಂಖ್ಯೆ ಕಡಿಮೆಯಾದಂತೆ ಆಯ್ಕೆಯು ಸರಿಯಾಗಿರಬೇಕು. ಗಾಳಿಯಲ್ಲಿರುವ ತೇವವನ್ನು ಹತ್ತಿಯ ನೂಲು ಸಾಮಾನ್ಯವಾಗಿ ತನ್ನ ತೂಕದ ನೂರಕ್ಕೆ ಸುಮಾರು 8 ಭಾಗದಷ್ಟು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರು ಹೀರುವುದು ಅರ್ಧ ಭಾಗಕ್ಕಿಂತಲೂ ಕಡಿಮೆ. ಪಾಲಿಯೆಸ್ಟರು ಬೇಗ ಒಣಗುವುದಕ್ಕೂ ಬೆವರನ್ನು ಮೈಮೇಲೆಯೇ ಬಿಡುವುದಕ್ಕೂ ಇದೊಂದೇ ಕಾರಣ. ಆದುದರಿಂದ ದುಡಿಯುವ ಮೈಗೆ ಹತ್ತಿಯ ಅಥವಾ ಹತ್ತಿ ಹೆಚ್ಚಾಗಿರುವ ಮಿಶ್ರಣದ ಬಟ್ಟೆ ಯೋಗ್ಯ. ಮಳೆಗಾಲದಲ್ಲಿ ಬೇಗ ಒಣಗಬೇಕಾದ ಒಂದೆರಡು ಜೊತೆ ಪಾಲಿಯೆಸ್ಟರಿನವು ಇದ್ದರೆ ಬಾಧೆಯಿಲ್ಲ. ಆದರೆ ಅದನ್ನು ಉಟ್ಟು ಒಲೆಯ ಮುಂದೆ ಕೂಡಬಾರದು. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಹೊಲದ ಬಟ್ಟೆಯನ್ನು ಮನೆಯ ಬಟ್ಟೆಯಿಂದ ಬೇರೆಯಾಗಿಯೇ ಇಡಬೇಕು. ದೇವದುರ್ಗ, ಮಾನ್ವಿ, ರಾಯಚೂರು ತಾಲೂಕುಗಳ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವುದನ್ನು ವಾಚಕರು ನೋಡಿರಬಹುದು. ಒಣಗಿ ಒಡೆದ ಕಾಯಿಯ ಚೂಪಾದ ತುದಿಗಳಿಂದಲೂ ಬಿಸಿಲಿನಿಂದಲೂ ಅದು ಕೈಯನ್ನು ಕಾಯುತ್ತದೆ. ಔಷಧ ಹೊಡೆದ ಹೊಲದಿಂದ ಬಂದ ಅಂಗಿಯನ್ನು ಮಕ್ಕಳ ಬಟ್ಟೆಯೊಡನೆ ನೆನೆಯಿಡಬಾರದು. ಬೇರೆ ನೀರಿನಲ್ಲಿ ಒಗೆಯಬೇಕು. ಮಾನ್ವಿಯ ಕಡೆ ಕಾಲುವೆಯ ನೀರಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಿ ಬಂದ ಸೀರೆಗೆ ಎರೆಯ ಮಣ್ಣು ಹತ್ತಿರುತ್ತದೆ. ಹಸಿಯಿರುವಾಗ ತಿಕ್ಕಿದರೆ ಮಣ್ಣು ನೂಲಿನೊಳಗೆ ಇಳಿಯುತ್ತದೆ. ಒಣಗಿಸಿ, ಝಾಡಿಸಿ, ಅನಂತರ ನೆನೆಯಿಟ್ಟರೆ ಅರ್ಧ ಸಾಬೂನಿನಲ್ಲಿ ಕೆಲಸವಾಗುತ್ತದೆ. ಕಡಿಮೆ ಬಟ್ಟೆ ಇಟ್ಟುಕೊಂಡವರು ಇಷ್ಟು ಜೋಪಾನ ಮಾಡಲೇಬೇಕು. ಗಂಜಿ ಹಾಕಿದ ಅರಿವೆಯನ್ನು ಗಂಜಿ ತೆಗೆಯದೆ ಟ್ರಂಕಿನಲ್ಲಿಡಬಾರದೆಂಬುದೂ ನೆನಪಿರಲಿ. ಗಂಜಿಯ ಆಸೆಗೆ ಹುಳು ಬರುತ್ತದೆ.

ಉಳಿದುದರ ವಿನಿಯೋಗ

96ರಲ್ಲಿ 41 ಕಳೆದರೆ ಉಳಿದವು 55. ಇವುಗಳನ್ನು ಏನು ಮಾಡಬೇಕು? ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದವರು ಆನಂದ ಭಿಕ್ಷುವಿಗೆ 500 ಬಟ್ಟೆಗಳನ್ನು ಕೊಟ್ಟರಂತೆ. ಇಷ್ಟನ್ನು ಏನು ಮಾಡುವಿರೆಂದು ರಾಜನು ಕೇಳಿದನು. ಬಟ್ಟೆ ಹರಿದ ಭಿಕ್ಷುಗಳಿಗೆ ಹಂಚುವುದಾಗಿ ಆನಂದನು ಹೇಳಿದನು. ಅವರ ಹಳೆಯವನ್ನೋ? ಹೊದಿಕೆಗೆ. ಹಳೆಯ ಹೊದಿಕೆಯನ್ನೋ? ಹಾಸಿಗೆಯ ಗವಸಿಗೆ. ಹೀಗೆ ನೆಲಹಾಸು, ಕಾಲೊರಸು, ಧೂಳೊರಸುಗಳವರೆಗೆ ಇಳಿದು ಕಟ್ಟಕಡೆಯ ಚಿಂದಿಯನ್ನು ಕೆಸರಿನಲ್ಲಿ ಕಲಸಿ ನೆಲಕ್ಕೆ ಸಾರಿಸುವಲ್ಲಿ ಆ ಉತ್ತರವು ಮುಗಿಯುತ್ತದೆ. ನಮ್ಮ ಅಜ್ಜಿಯಂದಿರು ಆ ಗ್ರಂಥವನ್ನು ಓದಿದವರಲ್ಲ. ಆದರೂ ಅದರಂತೆಯೇ ನಡೆದವರು.

ನಾವು ಮಾಡಿದ ವಿನಿಯೋಗ ಹೀಗಿದೆ. ಇನ್ನೂ ಚೆನ್ನಾಗಿದ್ದ 14 ಜೊತೆ ಕೇಳಿ ಪಡೆದ ನೆಂಟರಿಗೆ ಹೋದುವು. ಹರಿದುದನ್ನು ದಾನವೆಂದು ಯಾರಿಗೂ ಕೊಡಲಿಲ್ಲ. ನಾವು ಉಡಲಾರದ್ದನ್ನು ಇನ್ನೊಬ್ಬರು ಉಡಲೆಂಬುದು ದಾನವಲ್ಲ. 6 ತುಂಬುತೋಳಿನ ಅಂಗಿಗಳು ಅವ್ವನ ಜೊತೆಗೆ ಹತ್ತಿ ಬಿಡಿಸಲು ಹೋಗುವವರಿಗೆ ಸಂದುವು. 7 ಜೊತೆ ಚೀಲಗಳಾಗಿ, ಒರಸುವ ಅರಿವೆಗಳಾಗಿ ಮುಗಿದುವು. ಹತ್ತಿಯ 23 ಜೊತೆ ಕೌದಿಗೆ ಹೋದುವು.

ಕೌದಿಯನ್ನು ಕುರಿತು ನಮ್ಮ ಕಡೆಯವರಿಗೆ ಹೇಳಬೇಕಾದುದಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರುಪದರಾಗಿ ಹಾಸಿ ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿಯಾಯಿತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ಧಿ ಹೆಂಗಸರು ಹೊಲಿಯುವ ಕವಂದಿಯೂ ಈ ಜಾತಿಯದೇ. ಅದು ಈಗ ದೇಶವಿದೇಶಗಳಲ್ಲಿ ಕಲೆಯೆಂದು ಹೆಸರು ಪಡೆದಿದೆ. ಅಜ್ಜಿ ಅವ್ವ ಇಬ್ಬರೂ ಕೂಡಿ ಮೂರು ಕೌದಿಗಳನ್ನು ಹೊಲಿದರು. ಪಾಲಿಯೆಸ್ಟರಿನ ತುಂಡುಗಳನ್ನು ಅಜ್ಜಿ ಮುಟ್ಟಿಯೇ ಬದಿಗೆ ಸರಿಸಿದಳು; ಬೆವರು ಹೀರುವುದಿಲ್ಲವೆಂಬ ಶಾಸ್ತ್ರವನ್ನು ಅವಳ ಬೆರಳು ಬಲ್ಲುದು.

ಆಯೇರಿಯ 26ರಲ್ಲಿ ಟವೆಲುಗಳು ಬಳಕೆಗೆ ಬಂದುವು, ಅಂಗಿಯ ತುಂಡೊಂದನ್ನು ತಮ್ಮನಿಗೆ ಹೊಲಿಸಿದೆವು. ಉಳಿದ ತುಂಡುಗಳು ತೀರುವವರೆಗೆ ಹೊಸ ಆಯೇರಿ ಕೊಳ್ಳಬಾರದೆಂದು ನಿರ್ಧರಿಸಿದ್ದೇವೆ. ತೀರಿದ ಮೇಲೆ ಬಟ್ಟೆಯ ಬದಲು ಮಕ್ಕಳಿರುವ ಮನೆಗೆ ನೋಟುಬುಕ್ಕು ಕೊಟ್ಟರೆ ಹೇಗೆಂದು ಅವ್ವನನ್ನು ಕೇಳಿದ್ದೇನೆ. ಅವಳು ಇನ್ನೂ ವಿಚಾರ ಮಾಡುತ್ತಿದ್ದಾಳೆ.

ಗಂಟಿನ ಪ್ರಶ್ನೆ

ಜಾಗರೂಕ ವಾಚಕರು ಇಷ್ಟರಲ್ಲಿ ಕೂಡಿಸಿ ನೋಡಿರಬಹುದು: 14, 6, 7, 23 ಕೂಡಿದರೆ 50 ಆಗುತ್ತದೆ. ಇನ್ನು ಐದು ಎಲ್ಲಿ?

ಅವು ಅಜ್ಜಿಯ ಗಂಟಿನಲ್ಲಿವೆ. ಐದು ಹಳೆಯ ನೂಲಿನ ಸೀರೆಗಳನ್ನು ಅವಳು ಕಟ್ಟಿ ತಲೆದಿಂಬಿನ ಬಳಿ ಇಟ್ಟುಕೊಂಡಿದ್ದಾಳೆ. ಉಡುವುದಿಲ್ಲ, ಕೌದಿಗೂ ಕೊಡಲಿಲ್ಲ. ನನ್ನ ಸೂತ್ರವನ್ನು ಅವಳಿಗೆ ವಿವರಿಸಿದಾಗ ಎಲ್ಲವನ್ನೂ ಕೇಳಿ, “ನಿನ್ನ ಲೆಕ್ಕ ಖರೇ ಐತವ್ವ. ಆದ್ರ ನಿನ್ನ ಲೆಕ್ಕದಾಗ ಬರಗಾಲ ಇಲ್ಲ” ಎಂದಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುವ ಅವಶ್ಯಕತೆಯೂ ಇರಲಿಲ್ಲ. ಆಪತ್ತಿಗೆ ಒಂದೆಂದು ನಾನು ಕೂಡಿಸಿದ್ದು ಅಂಗಿ ಹರಿಯುವಂಥ ಸಣ್ಣ ಆಪತ್ತಿಗೆ. ಅವಳು ಕಂಡಿದ್ದ ಆಪತ್ತು ಬೇರೆ. ಒಬ್ಬರಿಗೆ ಹೊರೆಯಾದುದು ಇನ್ನೊಬ್ಬರಿಗೆ ಧೈರ್ಯವಾಗಿರಬಹುದು. ಅಂಥದನ್ನು ಲೆಕ್ಕದ ಬಲದಿಂದ ಕಿತ್ತುಕೊಳ್ಳತಕ್ಕದ್ದಲ್ಲ. ಒಂದು ಗಂಟು ಹಿಡಿಯುವ ಸ್ಥಳವೆಷ್ಟು? ಮೊಳ ಅಗಲ. ಅಷ್ಟು ಸ್ಥಳವನ್ನು ಯಾವ ಸಣ್ಣ ಮನೆಯೂ ತನ್ನ ಹಿರಿಯರಿಗೆ ಕೊಡಬಲ್ಲುದು.

ಮೂರು ತಿಂಗಳ ತರುವಾಯ ಓಣಿಯ ಒಬ್ಬ ಬಾಣಂತಿಯ ಮನೆಯವರು ಕೂಸಿಗೆ ಮೆತ್ತನೆಯ ಹಳೆಯ ಅರಿವೆಯನ್ನು ಕೇಳಿಕೊಂಡು ಬಂದರು. ಹೊಸ ಬಟ್ಟೆ ಹಸುಗೂಸಿನ ಮೈಗೆ ಒರಟು. ನೂರು ಸಲ ಒಗೆದ ನೂಲಿನ ಸೀರೆಯಷ್ಟು ಮೃದುವಾದುದು ಬೇರಿಲ್ಲ. ನಮ್ಮದೆಲ್ಲ ಕೌದಿಯಾಗಿ ಹೋಗಿತ್ತು. ಅಜ್ಜಿ ಏನನ್ನೂ ಹೇಳದೆ ಗಂಟು ಬಿಚ್ಚಿ ಒಂದು ಸೀರೆ ತೆಗೆದು ಕೊಟ್ಟು ಮತ್ತೆ ಕಟ್ಟಿದಳು. ಈಗ ಅದರಲ್ಲಿ ನಾಲ್ಕು ಇವೆ.

ಉಪಸಂಹಾರ

ಈ ಲೆಕ್ಕವನ್ನು ವರ್ಷಕ್ಕೊಮ್ಮೆ ಹಾಕಿದರೆ ಸಾಕು. ಅದಕ್ಕೆ ಹೊಸ ದಿನವನ್ನು ಗೊತ್ತುಮಾಡುವ ಕಾರಣವಿಲ್ಲ. ದಸರೆಯ ಮುಂಚೆ ಮನೆಯ ಹಾಸಿಗೆ, ಕೌದಿ, ಅರಿವೆಗಳನ್ನೆಲ್ಲ ಒಗೆಯುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಟ್ರಂಕಿನ ತಳವು ಹೊರಬೀಳುವ ಆ ದಿನವೇ ಎಣಿಕೆಗೂ ಯೋಗ್ಯವಾದ ದಿನ. ಒಂದು ಹೊಸ ಜೊತೆ ಒಳಗೆ ಬಂದರೆ ಒಂದು ಹಳೆಯದಕ್ಕೆ ದಾರಿ ತೋರಿಸುವ ನಿಯಮವನ್ನು ಉಳಿದ ದಿನಗಳಲ್ಲಿ ಪಾಲಿಸಬಹುದು.

ಇದರಿಂದ ನಮಗಾದ ಲಾಭವನ್ನು ಹೇಳಿ ಮುಗಿಸುತ್ತೇನೆ. ಎರಡು ಟ್ರಂಕುಗಳಲ್ಲಿ ಒಂದು ಬರಿದಾಯಿತು. ಅದರೊಳಗೆ ಈಗ ನನ್ನ ಮತ್ತು ತಮ್ಮನ ಪುಸ್ತಕಗಳಿವೆ. ಅದರ ಮುಚ್ಚಳವೇ ಅವನ ಬರೆಯುವ ಮೇಜು. 20 ಚದರಡಿಯಲ್ಲಿ 12 ಚದರಡಿ ಮನೆಗೆ ಮರಳಿ ಬಂದಿತು. ಬಾಡಿಗೆ ಹೆಚ್ಚಾಗದೆ ಮನೆ ದೊಡ್ಡದಾಯಿತೆಂದು ಅಪ್ಪ ನಕ್ಕನು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವನ ಅಂಗಿ ಈಗ ಹುಡುಕದೆ ಕೈಗೆ ಸಿಗುತ್ತದೆ.

ದುಡಿಯುವವರ ಮನೆಯಲ್ಲಿ ಬಟ್ಟೆಯು ದುಡಿಮೆಗೆ ಸಹಾಯವಾಗಿರಬೇಕು. ಓದುವವರಿಗೆ ಓದಲು ಎಡೆ ಕೊಡಬೇಕು. ಸಹಪಾಠಿಗಳು ತಮ್ಮ ತಮ್ಮ ಮನೆಯ ಹಗ್ಗವನ್ನು ಒಂದು ತಿಂಗಳು ಗಮನಿಸಿ ನೋಡಬೇಕೆಂದು ಕೋರುತ್ತೇನೆ. ಸಂಖ್ಯೆಗಳು ನಮ್ಮ ಮನೆಯಂತೆಯೇ ಬರಬೇಕೆಂದಿಲ್ಲ. ಅವರವರ ನೀರು, ಬಿಸಿಲು, ಕೆಲಸ ಇದ್ದಂತೆ ಅವರವರ ಲೆಕ್ಕ. ಆದರೆ ಮನೆಯಲ್ಲಿ ಹಿರಿಯರ ಗಂಟೊಂದಿದ್ದರೆ ಅದನ್ನು ಎಣಿಸದೆ ಬಿಡಿರಿ.